ಕಪ್ಪು ಕನ್ನಡಕದ ಸಿದ್ದಗಂಗಮ್ಮನವರು ಪರಾರಿ ದಂಡನಾಯಕನನ್ನು ಕಿವಿಯಿಂದ ಹಿಡಿಯಹೊರಟದ್ದು

ಯುಗಗಳಲ್ಲೆಲ್ಲ ಕಡೆಯದಾದ, ಮಳೆಗಾಲದಲ್ಲಿ ಬಿಸಿಲನ್ನೂ ಬೇಸಿಗೆಯಲ್ಲಿ ಇನ್ನಷ್ಟು ಬಿಸಿಲನ್ನೂ ಕರುಣಿಸುವ, ಗೋಡೆಗೊಂದು ಟೀವಿಯೂ ಅಂಗೈಗೊಂದು ಮೊಬೈಲೂ ಮೊಳೆತು ಕಥೆ ಹೇಳುವವರ ಬಾಯಿಗೆ ಬೀಗ ಬಿದ್ದ ಈ ಘೋರ ಕಲಿಯುಗದ ಒಂದು ಮಂಗಳವಾರ, ಕೊಬ್ಬರಿಗಂಧವಾಸಿತಪವನಸೇವಿತವಾದ ತಿಪಟೂರೆಂಬ ಪಟ್ಟಣದಲ್ಲಿ, ಮ್ಯಾಟಿನಿ ಆಟದ ಹೊತ್ತಿಗೆ ನಡೆದ ಮಹಾಸಂಗ್ರಾಮವನ್ನು ಹಾಡುವೆ. ಎಲೈ ವಾಗ್ದೇವಿಯೇ, ಬಂದು ನಾಲಗೆಯ ತುದಿಯಲ್ಲಿ ಕೂರು. ಈಗಲೇ ಬರಲಾಗದಿದ್ದರೆ ಜಾಗಕ್ಕೆ ಒಂದು ಕರ್ಚೀಫನ್ನಾದರೂ ಹಾಕಿಡು.

ಸಹಸ್ರಕಥಾಕೋಶಧಾರಿಣಿಯೂ, ಏಳು ಸಮುದ್ರದಾಚೆಯ ಯಾವ ಗಿಳಿಯ ಹೊಟ್ಟೆಯಲ್ಲಿ ಯಾವ ರಾಕ್ಷಸನ ಪ್ರಾಣವಿದೆಯೆಂಬುದನ್ನು ವಿಳಾಸಸಮೇತ ಬಲ್ಲವಳೂ, ಬಾಲಕರ್ಣಾಮೃತವರ್ಷಿಣಿಯೂ ಆದ ಸಿದ್ದಗಂಗಮ್ಮನೆಂಬ ಎಪ್ಪತ್ತನಾಲ್ಕರ ವೀರಮಾತೆ ಈ ಕಥೆಗೆ ನಾಯಕಿ. ತನ್ನ ಮನೆಯ ಮುಂದಿನ ಸಿಮೆಂಟು ಬೆಂಚೇ ಆಕೆಯ ಸಿಂಹಾಸನ. ಸಂಜೆ ಆರೂವರೆಯಿಂದ ಏಳೂವರೆಯವರೆಗೆ ಆ ಬೀದಿಯ ಮಕ್ಕಳಿಗೆ ಅಲ್ಲಿ ಕೂತು ಕಥೆ ಹೇಳುವುದೇ ಆಕೆಯ ರಾಜ್ಯಭಾರ. ಗಂಡ ತೀರಿಕೊಂಡ ವರ್ಷದಿಂದ ಆ ಒಂದು ಗಂಟೆಗಾಗಿಯೇ ಆಕೆ ಉಳಿದ ಇಪ್ಪತ್ತಮೂರು ಗಂಟೆಗಳನ್ನು ಸಹಿಸಿಕೊಂಡು ಬಂದಿದ್ದಳು.

ಇಂಥ ರಾಜ್ಯದ ಮೇಲೆ ಕಣ್ಣು ಹಾಕಿದವನು ಪರನಲ್ಲ, ಸ್ವಂತ ಮೈದುನ. ಪಕ್ಕದ ಮನೆಯಲ್ಲಿ ವಾಸ, ನಿವೃತ್ತ ಹೆಡ್‌ಮೇಷ್ಟ್ರು, ಸಕಲಭೂಮಂಡಲರಾಜಧಾನೀನಾಮಾವಳೀಕಂಠಪಾಠಧುರಂಧರ, ಷಡಕ್ಷರಯ್ಯ. ಅದೇ ಬೆಂಚಿನ ಮೇಲೆ, ಅದೇ ಆರೂವರೆಗೆ, ಅದೇ ಮಕ್ಕಳಿಗೆ ಸಾಮಾನ್ಯ ಜ್ಞಾನ ಬೋಧಿಸಬೇಕೆಂಬುದು ಆತನ ಮಹದಾಕಾಂಕ್ಷೆ.

"ಅತ್ತಿಗೆ, ಗಿಳಿ ಹೊಟ್ಟೇಲಿ ರಾಕ್ಷಸನ ಪ್ರಾಣ ಐತೆ ಅಂತ ಕಲ್ತ ಮಗ ಯಾವ ಪರೀಕ್ಷೇಲಿ ಪಾಸಾಗ್ತದೆ?" ಎಂದು ಆತ ಕೇಳುವನು.

"ಮಂಗೋಲಿಯಾ ರಾಜಧಾನಿ ಕಲ್ತ ಮಗೀಗೆ ರಾತ್ರಿ ನಿದ್ದೆ ಬತ್ತದಾ ಷಡಕ್ಷರಿ?" ಎಂದು ಆಕೆ ಕೇಳುವಳು.

ಮೂರು ತಿಂಗಳು ಹೀಗೆ ಕಾದಾಡಿ ಉಭಯಪಕ್ಷವೂ ಬಳಲಿರಲು, ಊರಿನ ಗಂಗಾಂಬಿಕಾ ಚಿತ್ರಮಂದಿರಕ್ಕೆ ದೂರದೇಶದ ಒಂದು ಚಿತ್ರ ಕನ್ನಡಕ್ಕೆ ಡಬ್ಬಾಗಿ ಬಂದಿತು. ಯುದ್ಧದಲ್ಲಿ ಊರೂರನ್ನೇ ಸುಡಿಸಿದ ಕ್ರೂರ ದಂಡನಾಯಕನೊಬ್ಬ ಪರಾರಿಯಾಗಿ, ಹೆಸರು ಮುಖ ಎರಡನ್ನೂ ಬದಲಿಸಿಕೊಂಡು, ಕಡಲತೀರದ ಒಂದು ಪುಟ್ಟ ಊರಿನಲ್ಲಿ ಸಜ್ಜನನಂತೆ ಅಡಗಿದ್ದಾನೆ. ಇಪ್ಪತ್ತು ವರ್ಷದ ಮೇಲೆ ಒಬ್ಬ ಮಹಿಳಾ ಅಧಿಕಾರಿ ಅವನನ್ನು ಹುಡುಕಿ ಬರುತ್ತಾಳೆ. ಗೋಡೆಯ ಪೋಸ್ಟರಿನಲ್ಲಿ ರಕ್ತವರ್ಣದ ಅಕ್ಷರಗಳು: "ಯಾರವನು? ಕೊನೆಯ ಕ್ಷಣದವರೆಗೂ ನಿಮಗೆ ತಿಳಿಯದು."

ಮೇಷ್ಟ್ರು ಇದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಸಿದ್ದಗಂಗಮ್ಮನ ಮೂಗಿನ ಹೊಳ್ಳೆಗಳು ಅರಳಿದವು. ಆಗ ಆಕೆ, "ಎಲೈ ಕನಿಷ್ಠನೇ, ಅರವತ್ತು ಸಂವತ್ಸರಗಳಲ್ಲಿ ಯಾವ ಕಥೆಯ ಯಾವ ದುಷ್ಟನು ತಾನೇ ನನ್ನ ಕಣ್ತಪ್ಪಿಸಿ ನಾಲ್ಕನೆಯ ವಾಕ್ಯವನ್ನು ದಾಟಿದ್ದಾನೆ? ಮೂರು ಲೋಕಗಳಲ್ಲಿ ಎಲ್ಲಿ ಅಡಗಿದರೂ ಆ ಪಾತಕಿಯ ಜುಟ್ಟು ಈ ಮುಷ್ಟಿಯಲ್ಲೇ ಇದೆಯೆಂದು ತಿಳಿ" ಎಂಬ ಅರ್ಥವೆಲ್ಲ ಬರುವಂತೆ, "ಹೋಗತ್ಲಾಗೆ, ಕಂಡಿವ್ನಿ" ಎಂದಳು.

ಪಣ ಕಟ್ಟಲಾಯಿತು. ಪರಾರಿ ಯಾರೆಂದು ಸರಿಯಾಗಿ ಹೇಳಿದವರಿಗೆ ಆರೂವರೆಯ ಬೆಂಚು ಶಾಶ್ವತ. ಇಬ್ಬರೂ ಸರಿಯಾಗಿ ಹೇಳಿದರೆ ಮೊದಲು ಹೇಳಿದವರಿಗೆ. ಅತ್ತಿಗೆಯ ಮಂಡಿನೋವನ್ನು ನೆನೆದು ಮೇಷ್ಟ್ರು ಇನ್ನೊಂದು ನಿಯಮವನ್ನೂ ಸೇರಿಸಿದರು: ಮಧ್ಯಂತರದ ಹೊರತು ಸೀಟು ಬಿಟ್ಟು ಎದ್ದವರು ಸೋತಂತೆ.

ಆದರೆ ಒಂದು ವಿಘ್ನವಿತ್ತು. ಸಿದ್ದಗಂಗಮ್ಮನ ಕಣ್ಣಿನ ಪೊರೆ ತೆಗೆಸಿ ಆರೇ ದಿನವಾಗಿತ್ತು. ಕಾಡಿಗೆಗಿಂತ ಕಪ್ಪಾದ ಕನ್ನಡಕವೊಂದು ಆಕೆಯ ಮುಖವನ್ನು ಅರ್ಧ ನುಂಗಿ ಕೂತಿತ್ತು.

"ಟೀವಿ ನೋಡಬಾರದು ಅಂದಿಲ್ವಾ ಡಾಕ್ಟ್ರು?" ಎಂದರು ಮೇಷ್ಟ್ರು.

"ಟೀವಿ ಅಂದ್ರು. ಸಿನಿಮಾ ಅಂದ್ರಾ?"

ಮಂಗಳವಾರ ಬಂದಿತು. ಮೇಷ್ಟ್ರು ಅರ್ಧ ಗಂಟೆ ಮೊದಲೇ ಹೋಗಿ, ಇಡೀ ಸಭಾಂಗಣದಲ್ಲಿ ತಿರುಗುತ್ತಿದ್ದ ಏಕೈಕ ಫ್ಯಾನಿನ ಕೆಳಗಿನ ಸೀಟಿಗೆ ತಮ್ಮ ನೀಲಿ ಅಂಚಿನ ಕರ್ಚೀಫನ್ನು ವಿಜಯಧ್ವಜದಂತೆ ಹಾಸಿ, ಕಡಲೆಕಾಯಿ ತರಲು ಹೊರಗೆ ಹೋದರು. ಬರುವಷ್ಟರಲ್ಲಿ ಗೇಟಿನ ಬುಡೇನ್ ಸಾಬರ ಟಾರ್ಚಿನ ಬೆಳಕಿನಲ್ಲಿ ಗಜಗಮನೆಯಾಗಿ ಬಂದ ಸಿದ್ದಗಂಗಮ್ಮ ಆ ಧ್ವಜದ ಮೇಲೆಯೇ ಆಸೀನಳಾಗಿದ್ದಳು.

"ಅದು ನನ್ನ ಕರ್ಚೀಫು ಅತ್ತಿಗೆ."

"ಕಣ್ಣು ಕಾಣಾಕಿಲ್ಲ ಕಣಪ್ಪ."

ಮೊದಲ ರಕ್ತ ಹೀಗೆ ಹರಿಯಿತು. ಮೇಷ್ಟ್ರು ಪಕ್ಕದ ಬಿಸಿ ಸೀಟಿನಲ್ಲಿ ಕೂತರು. ಉಳಿದ ಪ್ರೇಕ್ಷಕವರ್ಗವೆಂದರೆ ಕೊಬ್ಬರಿ ಮಂಡಿಯ ಏಳು ಮಂದಿ ಹಮಾಲರು. ಊರಿಗೆಲ್ಲ ತಂಪಾದ ನೆಲ ಇದೆಂದು ಬಲ್ಲ ಅವರು ಹೆಸರು ಬೀಳುವ ಮುನ್ನವೇ ನಿದ್ರಾದೇವಿಯ ವಶರಾಗಿದ್ದರು.

ಚಿತ್ರ ಶುರುವಾಯಿತು. ಉರಿಯುವ ಊರು, ಓಡುವ ಜನ. ದಂಡನಾಯಕನ ಮುಖವಿಲ್ಲ, ಬೂಟುಗಳಷ್ಟೇ, ಅವುಗಳ ಮೇಲಿಂದ ಒಂದು ಗಡಸು ಧ್ವನಿ: "ಒಂದು ಮನೆಯನ್ನೂ ಬಿಡಬೇಡಿ." ಮೇಷ್ಟ್ರು ಬೂಟುಗಳನ್ನು ದಿಟ್ಟಿಸಿದರು. ಸಿದ್ದಗಂಗಮ್ಮನಿಗೆ ಕಂಡದ್ದು ಕೆಂಪು ಮಬ್ಬು ಮಾತ್ರ. ಆದರೆ ಆ ಧ್ವನಿಯನ್ನು ಆಕೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕತ್ತಲಲ್ಲಿ ಕಥೆ ಕೇಳಿ ಬೆಳೆದವಳಿಗೆ ಕಣ್ಣಿನ ಹಂಗೇಕೆ?

ಇಪ್ಪತ್ತು ವರ್ಷ ಕಳೆಯಿತು. ಕಡಲತೀರದ ಊರಿನಲ್ಲಿ ಬ್ರೆಡ್ಡಿನಂಗಡಿಯ ಮುದುಕನೊಬ್ಬ, "ಬಾ ಮಗು, ಇನ್ನೊಂದು ತಗೋ, ದುಡ್ಡು ಬೇಡ" ಎಂದ.

"ಇವ್ನೇ," ಎಂದಳು ಸಿದ್ದಗಂಗಮ್ಮ, ಮಲಗಿದ್ದ ಹಮಾಲರೊಬ್ಬರು ಮಗ್ಗುಲು ಬದಲಿಸುವಷ್ಟು ಗಟ್ಟಿಯಾಗಿ. "ಅದೇ ಧ್ವನಿ. ಬರ್ಕೋ ಷಡಕ್ಷರಿ, ಬ್ರೆಡ್ಡಿನವನು."

ಅಷ್ಟರಲ್ಲಿ ಚರ್ಚಿನ ಪಾದ್ರಿ ಬಂದು, "ದೇವರು ಕ್ಷಮಿಸಲಿ" ಎಂದ. ಸಿದ್ದಗಂಗಮ್ಮ ಬೆನ್ನು ನೆಟ್ಟಗೆ ಮಾಡಿದಳು. "ಇವ್ನೂ ಅವ್ನೇ." ಆಮೇಲೆ ತೋಟದ ಮಾಲಿ, "ಈ ಸಲ ಗುಲಾಬಿ ಚೆನ್ನಾಗಿ ಬಂದಿದೆ" ಎಂದ. ಆಕೆ ಕೈ ಜೋಡಿಸಿದಳು. "ಶಿವನೇ, ಕಾಮರೂಪಿ ಕಣೋ ಇವನು. ಊರ ತುಂಬ ಒಬ್ಬನೇ ತುಂಬ್ಕೊಂಡವ್ನೆ. ಇಂಥವನನ್ನ ಆ ಹೆಣ್ಣುಮಗಳು ಒಬ್ಬಳೇ ಹೆಂಗೆ ಹಿಡೀತಾಳೆ?"

ಆಗ ಮೇಷ್ಟ್ರು, ಹಗೆಯ ಬತ್ತಳಿಕೆಯೇ ಟೊಳ್ಳೆಂದು ಕಂಡ ಬಿಲ್ಲಾಳಿನ ಪರಮಾನಂದದಿಂದ, ಮೆಲ್ಲಗೆ ನಕ್ಕರು. "ಅತ್ತಿಗೆ, ಇದು ಡಬ್ಬಿಂಗು. ಖರ್ಚು ಉಳಿಯಲಿ ಅಂತ ಗಂಡಸರಿಗೆಲ್ಲ ಒಬ್ಬನೇ ಮಾತಾಡವ್ನೆ."

"ಎಲ್ಲರಿಗೂ ಒಬ್ಬನೇನಾ? ಹಂಗಾದ್ರೆ ಕೇಳೋರಿಗೆ ಯಾರು ಯಾರು ಅಂತ ತಿಳಿಯೋದು ಹೆಂಗೆ?"

"ಕಣ್ಣಿಂದ," ಎಂದರು ಮೇಷ್ಟ್ರು.

ಬ್ರಹ್ಮಾಸ್ತ್ರವು ಹುಲ್ಲುಕಡ್ಡಿಯಾಯಿತು. ಕಪ್ಪು ಕನ್ನಡಕದ ಹಿಂದೆ ಸಿದ್ದಗಂಗಮ್ಮ ಆ ಸಂಜೆಯನ್ನು ಕಂಡಳು: ತನ್ನ ಬೆಂಚು, ತನ್ನ ಮಕ್ಕಳು, ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿರುವ ರಾಜಧಾನಿಗಳು, ಕಿಟಕಿಯೊಳಗೆ ಕೂತು ಕೇಳುತ್ತಿರುವ ತಾನು. ಆದರೂ ಮಧ್ಯಂತರದ ದೀಪ ಹತ್ತುವಾಗ ಧ್ವನಿ ಏರಿಸಿಯೇ ಹೇಳಿದಳು: "ನಂದು ಬ್ರೆಡ್ಡಿನವನೇ. ಕೇಳದಿದ್ರೂ ಇನ್ನೊಂದು ಕೊಡ್ತಾನಲ್ಲ, ಅಷ್ಟು ಒಳ್ಳೇತನ ಯಾಕೆ ಬೇಕು ಅವ್ನಿಗೆ?"

"ನನ್ನದು ಮಾಲಿ," ಎಂದರು ಮೇಷ್ಟ್ರು. "ಗುಲಾಬಿ ಗಿಡಾನ ಗೆರೆ ಹೊಡೆದಂಗೆ ಸಾಲಾಗಿ ನೆಟ್ಟವ್ನೆ. ಮಿಲಿಟ್ರಿಯವರ ಶಿಸ್ತು ಅದು."

ಪರಾಭವದ ಅಂಚಿನಲ್ಲಿರುವ ವೀರರಿಗೆ ದೇವತೆಗಳು ಉಪಾಯವನ್ನು ಕರುಣಿಸುವರು. ಮೈದುನನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯೆಂಬುದೂ, ಮುಕ್ಕಾಲು ಗಂಟೆಗೊಮ್ಮೆ ಆತ ಹಿತ್ತಲಿಗೆ ಹೋಗಿಬರುವನೆಂಬುದೂ ಸಿದ್ದಗಂಗಮ್ಮನಿಗೆ ಆಗ ಹೊಳೆಯಿತು. ವಾತ್ಸಲ್ಯವೇ ಮೈವೆತ್ತವಳಂತೆ ಬುಡೇನ್ ಸಾಬರನ್ನು ಕರೆದು ಉಪ್ಪು ನಿಂಬೆ ಹಾಕಿದ ಗೋಲಿ ಸೋಡಾ ಎರಡು ತರಿಸಿದಳು.

"ಬಿಸಿಲು ಕಣಪ್ಪ. ಕುಡಿ. ಸಕ್ಕರೆ ಇಲ್ಲ."

"ಎರಡೂ ನನಗೇನಾ?"

"ನಂಗೆ ಗ್ಯಾಸು."

ಬಿಟ್ಟಿ ಸೋಡಾಕ್ಕೆ ಮರುಳಾಗದ ಮೇಷ್ಟ್ರು ಈ ಭೂಮಂಡಲದಲ್ಲಿ ಹುಟ್ಟಿಲ್ಲ.

ಉತ್ತರಾರ್ಧದಲ್ಲಿ ಪರದೆಯ ಮೇಲೆ ನಡೆದ ಬೆನ್ನಟ್ಟುವಿಕೆಗಿಂತ ಘೋರವಾದುದು ಪಕ್ಕದ ಸೀಟಿನಲ್ಲಿ ನಡೆಯಿತು. ಮೇಷ್ಟ್ರು ಕಾಲ ಮೇಲೆ ಕಾಲು ಹಾಕಿದರು, ಇಳಿಸಿದರು, ಇನ್ನೊಂದು ಹಾಕಿದರು. ಪರದೆಯ ಮೇಲೆ ಕಡಲು ಬಂದಾಗಲೆಲ್ಲ ಕಣ್ಣು ಮುಚ್ಚಿದರು. ನಿರ್ದೇಶಕನೋ ಮಳೆಯನ್ನೂ ಸುರಿಸಿದ. ಮೇಷ್ಟ್ರು ಮನಸ್ಸಿನಲ್ಲಿ ಆಫ್ರಿಕಾ ಖಂಡದ ರಾಜಧಾನಿಗಳನ್ನೆಲ್ಲ ಒಂದು ಸುತ್ತು ಜಪಿಸಿ ಮುಗಿಸಿ ಏಷ್ಯಾಕ್ಕೆ ಬಂದರು.

"ಹೋಗ್ಬಾರಪ್ಪ, ನಾನೇನೂ ಅಂದ್ಕೊಳಲ್ಲ," ಎಂದಳು ಅತ್ತಿಗೆ.

"ನನಗೇನಾಗಿದೆ?"

ಕಡೆಗೆ ಆ ಕ್ಷಣ ಬಂದಿತು. ಅಧಿಕಾರಿ ಬ್ರೆಡ್ಡಿನವನನ್ನೂ ಪಾದ್ರಿಯನ್ನೂ ಮಾಲಿಯನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿದಳು. ಸಂಗೀತ ನಿಂತಿತು. ಫ್ಯಾನು ಕೂಡ ಉಸಿರು ಬಿಗಿಹಿಡಿದಂತಾಯಿತು. ಆಕೆ ನಿಧಾನವಾಗಿ ಬಂದೂಕು ಎತ್ತಿ, "ಇಪ್ಪತ್ತು ವರ್ಷದಿಂದ ನಾನು ಹುಡುಕುತ್ತಿರುವ ಆ ರಾಕ್ಷಸ..." ಎಂದು ಬಾಯಿ ತೆರೆದಳು, ಮೇಷ್ಟ್ರು ಎದ್ದು ಓಡಿದರು, ಮನುಷ್ಯಭಾರ ಇಳಿದ ಆ ಪುರಾತನ ಮಡಿಚುಕುರ್ಚಿ ಸಿಡಿಲು ಬಡಿದಂತೆ "ಧಡಾರ್" ಎಂದು ಹಿಂದಕ್ಕೆ ಬಡಿಯಿತು. ಆ ಸದ್ದಿನೊಳಗೆ ಹೆಸರು ಮುಳುಗಿತು. ಅದರ ಬೆನ್ನಿಗೇ ಗುಂಡಿನ ಸದ್ದು, ಅದರ ಬೆನ್ನಿಗೇ ಒಂದು ದೇಹ ಬಿದ್ದ ಸದ್ದು. ಕಪ್ಪು ಕನ್ನಡಕದೊಳಗೆ ಮೂರು ಮಬ್ಬುಗಳಲ್ಲಿ ಒಂದು ಮಬ್ಬು ಇಲ್ಲವಾಯಿತು. ಯಾವ ಮಬ್ಬೆಂದು ಶಿವನೇ ಬಲ್ಲ. ದೀಪ ಹತ್ತಿತು.

ಮೇಷ್ಟ್ರು ಪರಮಶಾಂತ ವದನದಿಂದ ಮರಳಿದರು. "ಯಾರಂತೆ?"

"ಎದ್ಯಲ್ಲ ನೀನು. ಸೋತೆ."

"ಎದ್ದದ್ದು ಒಪ್ಕೊಂಡೆ. ಬೆಂಚು ಗೆಲ್ಲಬೇಕಾದ್ರೆ ಕಳ್ಳ ಯಾರು ಅಂತಾನೂ ಹೇಳಬೇಕಲ್ಲ, ಹೇಳಿ ಮತ್ತೆ."

ಸಿದ್ದಗಂಗಮ್ಮ ಹಮಾಲರತ್ತ ತಿರುಗಿದಳು. ಏಳೂ ಮಂದಿ ಆಗಷ್ಟೇ ಎದ್ದು ಕಣ್ಣುಜ್ಜಿಕೊಳ್ಳುತ್ತಿದ್ದರು. ಬುಡೇನ್ ಸಾಬರನ್ನು ಕೇಳಿದಳು. ನಾಲ್ಕು ದಿನದಿಂದ ದಿನಕ್ಕೆ ನಾಲ್ಕು ಆಟ ಕಂಡ ಆ ಮಹಾನುಭಾವರು ಗಡ್ಡ ಸವರಿಕೊಂಡು, "ಆ ಟೈಮಿಗೆ ಸರಿಯಾಗಿ ನಾನು ಸೈಡಿನ ಬಾಗ್ಲು ತೆಗೆಯೋಕೆ ಹೋಗಿರ್ತೀನಮ್ಮ. ನನಗೂ ಅದೇ ಯೋಚ್ನೆ" ಎಂದರು.

ಹೀಗೆ ಜಯವೂ ಇಲ್ಲದೆ ಅಪಜಯವೂ ಇಲ್ಲದೆ ಇಬ್ಬರು ಮಹಾರಥರು ಒಂದೇ ಆಟೋರಥದಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ಮನೆ ಸೇರಿದರು.

ಆರೂವರೆಯಾಯಿತು. ಸಿದ್ದಗಂಗಮ್ಮ ಬೆಂಚಿನ ಈ ತುದಿಗೆ ಬಂದು ಕೂತಳು. ಮೇಷ್ಟ್ರು ರಾಜಧಾನಿಗಳ ಪಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಆ ತುದಿಗೆ ಬಂದು ಕೂತರು. ಯಾವ ಪ್ರಜೆಗಳಿಗಾಗಿ ಇಷ್ಟೆಲ್ಲ ರಕ್ತಪಾತವಾಯಿತೋ ಆ ಪ್ರಜೆಗಳು ಒಟ್ಟು ಮೂರು. ಒಂದಕ್ಕೆ ಟ್ಯೂಷನ್ನು, ಒಂದಕ್ಕೆ ಜ್ವರ. ಬಂದವಳು ಎದುರುಮನೆಯ ಇಂಚರ ಒಬ್ಬಳೇ. ಅವಳಾದರೂ ಬಂದದ್ದು ಕರೆಂಟು ಹೋಗಿತ್ತೆಂದು. ತಮಗೆ ಕಂಠಪಾಠವಿದ್ದರೂ, ಮಗುವಿಗೆ ಓದಿಸಲು ಮಬ್ಬುಗತ್ತಲಲ್ಲಿ ಪಟ್ಟಿಯ ಅಕ್ಷರ ಕಾಣದೆ ಮೇಷ್ಟ್ರು ಅದನ್ನು ಮತ್ತೆ ಕಂಕುಳಿಗೆ ಸೇರಿಸಿದರು.

"ಒಂದೂರಲ್ಲಿ," ಎಂದು ಸಿದ್ದಗಂಗಮ್ಮ ಶುರುಮಾಡಿದಳು, "ಊರೂರು ಸುಟ್ಟ ಒಬ್ಬ ರಾಕ್ಷಸ ಒಳ್ಳೆಯವನ ವೇಷ ಹಾಕ್ಕೊಂಡು ಬ್ರೆಡ್ಡು ಮಾರ್ತಿದ್ದ. ಇಲ್ಲಾ ಪೂಜೆ ಮಾಡ್ತಿದ್ದ. ಇಲ್ಲಾ ಗುಲಾಬಿ ಬೆಳೀತಿದ್ದ." ಬ್ರೆಡ್ಡಿನವನಾಗಿ ಆಕೆ ಮಾತಾಡಿದಳು, ಪಾದ್ರಿಯಾಗಿ ಮಾತಾಡಿದಳು, ಮಾಲಿಯಾಗಿ, ಅಧಿಕಾರಿಯಾಗಿ, ಕಡಲಾಗಿ, ಬಂದೂಕಾಗಿ ಮಾತಾಡಿದಳು. ಅರವತ್ತು ವರ್ಷದ ಅದೇ ಒಂದು ಒಡಕು ಧ್ವನಿ. ಯಾರು ಯಾರೆಂದು ಇಂಚರಳಿಗೆ ಒಮ್ಮೆಯೂ ಅನುಮಾನ ಬರಲಿಲ್ಲ. ಇದೂ ಒಬ್ಬರದೇ ಡಬ್ಬಿಂಗೆಂದು ಹೊಳೆದು ಮೇಷ್ಟ್ರು ಬಾಯಿ ತೆರೆದರು. ಆಮೇಲೆ, ಕಥೆ ಕೆಡುತ್ತದೆಂದು, ಮುಚ್ಚಿದರು.

ಸರಿಯಾಗಿ ಮೂವರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿದ ಹೊತ್ತಿಗೆ ಬೀದಿಯಲ್ಲೆಲ್ಲ ದೀಪ ಝಗ್ಗೆಂದಿತು. "ಕರೆಂಟ್ ಬಂತು," ಎಂದು ಇಂಚರ ಎದ್ದು ಟೀವಿಯತ್ತ ಓಡಿದಳು. ಸಾಮ್ರಾಜ್ಯ ಬರಿದಾಯಿತು. ಸಿದ್ದಗಂಗಮ್ಮ ಸೆರಗು ಕೊಡವಿ ಏಳಲು ಮಂಡಿಯ ಮೇಲೆ ಕೈಯೂರಿದಳು.

"ಆಮೇಲೆ?" ಎಂದಿತು ಬೆಂಚಿನ ಆ ತುದಿ.

ಆಕೆ ತಿರುಗಿ ನೋಡಿದಳು. ಮೇಷ್ಟ್ರು ಪಟ್ಟಿಯನ್ನು ಮಡಿಚಿ ತೊಡೆಯ ಕೆಳಗೆ ಹಾಕಿಕೊಂಡು, ಎರಡೂ ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟುಕೊಂಡು ಕೂತಿದ್ದರು.

"ಯಾರು ಅತ್ತಿಗೆ ಅವನು, ಕೊನೆಗೂ?"

ಸಿದ್ದಗಂಗಮ್ಮ ಮತ್ತೆ ಒರಗಿ ಕೂತು, ಕಪ್ಪು ಕನ್ನಡಕವನ್ನು ಸರಿಪಡಿಸಿಕೊಂಡಳು.

"ನಿನ್ನ ಮಾಲೀನೇ ಅಂತ ಇಟ್ಕೋ. ಹೋಗಿ ಅರ್ಧ ಲೋಟ ಕಾಫಿ ತಗಂಬಾ, ಹೆಂಗೆ ಸಿಕ್ಕಿಬಿದ್ದ ಅಂತ ಹೇಳ್ತೀನಿ."

ಮೇಷ್ಟ್ರು ಓಡಿಹೋಗಿ ತಂದರು. ಆ ಕಾಫಿಯಲ್ಲೂ ಸಕ್ಕರೆ ಇರಲಿಲ್ಲ.