ಅಲಾಯ್ ಗಾಲಿ ಮತ್ತ ನನ್ನ ಎರಡು ಬೆರಳು

ಬೆಟಗೇರ್ಯಾಗ ಮೂವತ್ತು ವರ್ಷ ಮಗ್ಗದ ಮುಂದ ಕುಂತಾವ ನಾನು. ಸಾವಿರ ಎಳ್ಯಾಗ ಒಂದು ಎಳಿ ಹರದಿದ್ರ ಕಣ್ಣು ಮುಚ್ಚಿ ಬೆರಳಿಂದ ಹೇಳ್ತೀನಿ. ಇಂಥಾವಗ ಕಾರಿಗೆ ನಾಕು ಗಾಲಿ ಸರಿ ಹೊಂದ್ಯಾವೋ ಇಲ್ಲೋ ನೋಡೂದು ಏನ್ ದೊಡ್ಡ ಮಾತು? ಅವತ್ತು ಹಂಗ ಅಂದ್ಕೊಂಡಿದ್ದೆ. ಈಗ ಅನ್ನೂದಿಲ್ಲ.

ಶಿಗ್ಲ್ಯಾಗ, ಗಂಡನ ಮನ್ಯಾಗ, ನಮ್ಮ ತಂಗಿ ಮಗಳು ರೇಖಾನ ಕುಬಸ ಇತ್ತು. ಚೊಚ್ಚಲ ಬಸಿರಿನ ಸೀಮಂತ. ಹಸರ ಸೀರಿ ಸ್ವಾದರಮಾವನ, ಅಂದ್ರ ನನ್ನ, ಕೈಯಿಂದನ ಅಕಿ ಉಡ್ಯಾಗ ಬೀಳ್ಬೇಕು, ಅದೂ ಹನ್ನೆರಡರೊಳಗ. ಆ ಸೀರಿ ನಾನ ನೇದಿದ್ದೆ. ನಾನು ಎತ್ತಿ ಆಡಿಸಿದ ಹುಡುಗಿ ಅದು, ಸೀರಿ ಮಡಚೂ ಮುಂದ ಖರೆ ಹೇಳ್ತೀನಿ, ಕಣ್ಣಾಗ ನೀರು ಬಂದ್ವು.

ಇಂಥಾ ಸೀರಿ ತಗೊಂಡು ಜಂಗು ಹಿಡದ ಗಾಲಿ ಕಾರಿನ್ಯಾಗ ಹೋಗೂದ ಹೆಂಗ? ಬೀಗರು ಏನಂದಾರು? ಅದಕ್ಕ ಎರಡು ದಿನ ಮೊದಲ, ಹೊಳಿಯೂ ಅಲಾಯ್ ಗಾಲಿ ಹಾಕ್ಸಾಕ ಗದಗಿಗೆ ಹೋದೆ. ಹೆಂಡ್ತಿ ಗಿರಿಜಾ ಕಾರು ತಂದ್ಲು, ನಾ ನೂಲಿನ ಕೆಲಸ ಮುಗಿಸಿ ಸ್ಕೂಟರ್ ಮ್ಯಾಲೆ ಬಂದೆ.

ಗಾಲಿ ಅಂಗಡಿ ಮೌಲಾಸಾಬ ನಿಯತ್ತಿನ ಮನಷಾ. "ಅಣ್ಣಾರ, ಬೋಲ್ಟಿನ ತೂತು ನಾಕೂ ಹೊಂದ್ಯಾವು. ನಡುವಿನ ತೂತೂ ಹೊಂದೈತಿ. ಆದ್ರ ಈ ಗಾಲಿ ಅಗಲ ಜಾಸ್ತಿ, ಜರಾ ಹೊರಗ ಬರ್ತಾವು. ನೀವು ಒಳಗ ಕುಂತು ಸ್ಟೇರಿಂಗ್ ಪೂರ್ತಿ ತಿರುಗಸ್ರಿ. ಟೈರು ಮಡಗಾರ್ಡಿಗೆ ಹತ್ತತೈತೇನು ನೋಡೂಣು" ಅಂದ.

"ನಾ ಒಳಗ ಕುಂತ್ರ ಹೊರಗ ನೋಡಾವ್ರು ಯಾರು?"

"ನಾ ನೋಡ್ತೀನ್ರಿ."

"ನಿನ್ನ ಬೆರಳು ನಟ್ಟು ಬಿಚ್ಚೂ ಪಾನಾ ಹಿಡದದ್ದು. ಇದು ನೇಕಾರನ ಬೆರಳು" ಅಂದು ಗಿರಿಜಾನ್ನ ಸ್ಟೇರಿಂಗ್ ಮುಂದ ಕುಂಡ್ರಿಸಿದೆ. ಅಕಿ ತಿರುಗಿಸಿದ್ಲು. ನಾ ಟೈರು ಮಡಗಾರ್ಡಿನ ನಡುವ ಎರಡು ಬೆರಳು ಇಟ್ಟೆ. ಸಲೀಸಾಗಿ ಹೋದ್ವು. ಆತು, ತಾಂತ್ರಿಕ ಪರಿಶೀಲನೆ ಮುಗೀತು. ಸದರಿ ಗಾಲಿಗಳು ಸದರಿ ವಾಹನಕ್ಕೆ ಸಂಪೂರ್ಣವಾಗಿ ಹೊಂದಿಕೊಂಡಿರುತ್ತವೆ ಎಂದು ಅಲ್ಲೇ ಘೋಷಣೆ ಮಾಡಿದೆ.

"ಗಾಡ್ಯಾಗ ತೂಕ ಹಾಕಿ ನೋಡೂದು ಬಾಕಿ ಐತ್ರಿ" ಅಂದ ಮೌಲಾಸಾಬ. ಅಷ್ಟರಾಗ ನಾ ಹಳೇ ಗಾಲಿ ಅವನಿಗೇ ಕೊಟ್ಟು ಸ್ಕೂಟರ್ ಏರಿದ್ದೆ. ಮನಿ ಮಟ ಗಿರಿಜಾ ಮುಂದ, ನಾ ಹಿಂದ. ಗಾಲಿ ತಿರುಗೂ ಚಂದ ನೋಡಿಕೋತ ನೋಡಿಕೋತ ಒಂದು ಎಮ್ಮಿಗೆ ಹಾಯೂದು ತಪ್ಪಿತು.

ಕುಬಸದ ದಿನ ಸ್ಟೇರಿಂಗ್ ಮುಂದ ನಾನು. ಯಜಮಾನ ಅಲ್ಲೇನ್ರಿ? ಬಾಜುಕ ಗಿರಿಜಾ, ಹಿಂದ ನಮ್ಮ ಅವ್ವ, ಅಕಿ ಮಗ್ಗಲಕ ಕುಬಸದ ಹಾಡು ಹಾಡಾಕ ಬಂದ ನೆರಮನಿ ನೀಲಕ್ಕ. ಡಿಕ್ಕಿ ತುಂಬ ರೊಟ್ಟಿ, ಚಟ್ನಿ, ಉಂಡಿ.

ಗದಗ ದಾಟಿ ಮೊದಲನೇ ತಿರುವಿನ್ಯಾಗ 'ಖರ್ರ್' ಅಂತು.

"ಏನ್ರಿ ಅದು?" ಅಂದ್ಲು ಗಿರಿಜಾ.

"ಹೊಸಾ ಗಾಲಿ. ಹೊಂದಿಕೊಳ್ಳಾಕ ಟೈಮ್ ಬೇಕು."

ಎರಡನೇ ತಿರುವಿಗೂ ಖರ್ರ್. ತಗ್ಗಿಗೆ ಇಳಿದ್ರ ಖರ್ರ್, ಹಂಪು ಹತ್ತಿದ್ರ ಖರ್ರ್. ಶಿರಹಟ್ಟಿ ಹತ್ರ ಬರೂದ್ರಾಗ ರಬ್ಬರ್ ಸುಟ್ಟ ವಾಸನಿ. ಚಾದ ಅಂಗಡಿ ಮುಂದ ನಿಲ್ಲಿಸಿ ನೋಡಿದ್ರ, ನನ್ನ ಕಡೆ ಮುಂದಿನ ಹೊಸಾ ಟೈರಿಗೆ ಮಡಗಾರ್ಡು ಗೆರಿ ಕೊರದಿತ್ತು. ಹಿಂಗ ಹೋದ್ರ ಟೈರು ಒಡೀತೈತಿ. ಬಸ್ಸು ಈಗಷ್ಟ ಹೋತು ಅಂದ ಚಾದಾವ. ಗಂಟಿ ಹತ್ತು, ಮುಂದಿನ ಬಸ್ಸು ಹನ್ನೆರಡಕ್ಕ.

ಮೌಲಾಸಾಬಗ ಫೋನ್ ಹಚ್ಚಿದೆ. "ಒಬ್ಬೊಬ್ಬರನ್ನ ಇಳಿಸಿ ಓಡಿಸಿ ನೋಡ್ರಿ ಅಣ್ಣಾರ. ಯಾರ ತೂಕಕ್ಕ ಹತ್ತತೈತಿ ಗೊತ್ತಾಕ್ಕೈತಿ."

ನನ್ನ ಅನುಮಾನ ನೀಲಕ್ಕನ ಮ್ಯಾಲಿತ್ತು. ಅಕಿನ್ನ ಇಳಿಸಿದೆ. ಖರ್ರ್. ಅವ್ವನ್ನ ಇಳಿಸಿದೆ. ಖರ್ರ್. ರೊಟ್ಟಿ ಬುಟ್ಟಿ ಇಳಿಸಿದೆ, ಗಿರಿಜಾನೂ ಇಳದ್ಲು. ಒಬ್ನ ಓಡಿಸಿದೆ. ಖರ್ರ್.

"ನೀವು ಇಳೀರಿ ನೋಡೂಣು" ಅಂದ್ಲು ಗಿರಿಜಾ. ಅಕಿ ಸ್ಟೇರಿಂಗ್ ಹಿಡದ್ಲು. ಅವ್ವ, ನೀಲಕ್ಕ, ಬುಟ್ಟಿ, ಉಂಡಿ ಎಲ್ಲಾ ಮತ್ತ ಏರಿದ್ವು. ಕಾರು ಎಡಕ ಹೋತು, ಬಲಕ ಹೋತು, ಹಂಪು ಹಾರಿತು. ಪಿಟಕ್ ಅನಲಿಲ್ಲ.

ಎಲ್ಲಾರೂ ನನ್ನ ಹೊಟ್ಟಿ ನೋಡಿದ್ರು. ಚಾದಾವನೂ ನೋಡಿದ.

"ಸಣ್ಣಾವಿದ್ದಾಗ ಊಟಾನ ಮಾಡ್ತಿದ್ದಿಲ್ಲ ಇವ" ಅಂತ ಅವ್ವ ಅವಗ ಹೇಳಿದ್ಲು. ಯಾರೂ ಕೇಳಿದ್ದಿಲ್ಲ.

"ಸೀರಿ ಕೊಡ್ರಿ, ನಾವು ಹೊಕ್ಕೀವಿ. ನೀವು ಮುಂದಿನ ಬಸ್ಸಿಗೆ ಬರ್ರಿ" ಅಂದ್ಲು ಗಿರಿಜಾ.

"ಸ್ವಾದರಮಾವ ಇಲ್ದ ಸೀರಿ ತಗೊಂಡು ಏನ್ ಮಾಡ್ತಾರ? ಆ ಹುಡುಗಿ ಬಾಗಲಾ ನೋಡಿಕೋತ ಕುಂತಿರ್ತಾಳ" ಅಂದೆ. "ಹಂಗಾದ್ರ ಏರ್ರಿ" ಅಂದು ಗಿರಿಜಾ ಕಾರಿನ ಬಾಗಲಾ ತಗದ್ಲು.

ಮುಂದಿನ ಸೀಟಿನ್ಯಾಗ ಎಡಕ ಕುಂತೆ, ಎಡಗಡೆ ಗಾಲಿ ಕೂಗಿತು. ಹಿಂದ ಬಲಕ ಕುಂತೆ, ಹಿಂದಿನ ಗಾಲಿ ಕೂಗಿತು. ಗಿರಿಜಾ ಮತ್ತ ಮೌಲಾಸಾಬಗ ಫೋನ್ ಹಚ್ಚಿದ್ಲು. "ಅಣ್ಣಾರನ್ನ ಹಿಂದಿನ ಸೀಟಿನ ನಟ್ಟ ನಡಕ ಕುಂಡ್ರಸ್ರಿ. ಅಲಗ್ಯಾಡಬಾರದು. ಗಾಡಿ ಹಗೂರಕ ಹೊಡೀರಿ."

ಹಂಗ ಹೊಂಟಿತು ನಮ್ಮ ದಿಬ್ಬಣ. ಸ್ಟೇರಿಂಗ್ ಮುಂದ ಗಿರಿಜಾ. ಹಿಂದ ನಟ್ಟ ನಡಕ ನಾನು, ಸೀರಿ ತೊಡಿ ಮ್ಯಾಲೆ. ತಿರುವಿನ್ಯಾಗ ವಾಲಬಾರದಂತ ಅವ್ವ ಒಂದು ರಟ್ಟಿ, ನೀಲಕ್ಕ ಒಂದು ರಟ್ಟಿ ಗಟ್ಟಿ ಹಿಡದಿದ್ರು.

"ಹಂಪು ಬಂತು, ಸಾವಕಾಶ ಗಿರಿಜವ್ವ" ಅಂತಿದ್ಲು ನೀಲಕ್ಕ. "ಉಸರು ಹಿಡಿಯಪ್ಪಾ, ತಗ್ಗು ಐತಿ" ಅಂತಿದ್ಲು ಅವ್ವ. ಲಕ್ಷ್ಮೇಶ್ವರದಾಗ ಒಂದು ಟ್ರ್ಯಾಕ್ಟರ್, ಎರಡು ಸೈಕಲ್ ನಮ್ಮನ್ನ ದಾಟಿ ಹೋದ್ವು. ಹೊಸಾ ಗಾಲಿ ಯಾರೂ ನೋಡಲಿಲ್ಲ, ಎಲ್ಲಾರೂ ಒಳಗ ಬಗ್ಗಿ ನನ್ನ ನೋಡಿದ್ರು.

ಶಿಗ್ಲಿ ಮುಟ್ಟಿದಾಗ ಹನ್ನೆರಡಕ್ಕ ಐದು ನಿಮಿಷ ಇತ್ತು. ಬೀಗರ ಮನಿ ಮುದುಕಿ ಅಜ್ಜಿ ಆರತಿ ಹಿಡಕೊಂಡು ಬಾಗಲದಾಗ ನಿಂತಿದ್ಲು. ಕಣ್ಣು ಮಂಜು. ಅಕಿಗೆ ಕಂಡದ್ದು ಇಷ್ಟ: ಹಗೂರಕ ಬಂದ ಕಾರು, ಎರಡೂ ಕಡೆ ರಟ್ಟಿ ಹಿಡಕೊಂಡು ಇಳಸೂ ಹೆಣಮಕ್ಕಳು, ಹಸರ ಸೀರಿ, ಅದರ ಹಿಂದ ಒಂದು ದೊಡ್ಡ ಹೊಟ್ಟಿ.

"ಸಾವಕಾಶ ಇಳಸ್ರೆವ್ವಾ" ಅಂದು ನನಗ ಆರತಿ ಬೆಳಗಿ, ಹಣಿಗೆ ಕುಂಕುಮ ಹಚ್ಚಿ, "ಎಷ್ಟು ತಿಂಗಳಾತವ್ವ?" ಅಂತ ಕೇಳಿದ್ಲು.

"ಇದು ಐವತ್ತೆರಡು ವರ್ಷದ್ದು ಎವ್ವಾ" ಅಂದ್ಲು ನಮ್ಮ ಅವ್ವ.

ಒಳಗ ಮಣಿ ಮ್ಯಾಲೆ ಕುಂತ ರೇಖಾ ನಕ್ಕು ನಕ್ಕು ಹೊಟ್ಟಿ ಹಿಡಕೊಂಡ್ಲು. ಹೆಣಮಕ್ಕಳೆಲ್ಲಾ ಗಾಬರಿಯಾಗಿ, ಸಾಕ ನಗಬ್ಯಾಡ ತಂಗಿ ಅಂದ್ರು. "ಮಾಮಾ, ನಂದು ಏಳು ತಿಂಗಳು. ನಿಮ್ಮುಂದ ನಂದೇನ್ ಲೆಕ್ಕ?" ಅಂದ್ಲು ಅಕಿ. ನಾ ಹೊಟ್ಟಿ ಒಳಗ ಎಳಕೊಂಡು ಸೀರಿ ಉಡ್ಯಾಗ ಇಟ್ಟೆ. ಫೋಟೋದಾವ "ಇನ್ನೊಂದು ತಗೀತೀನ್ರಿ" ಅಂದ. ಅಷ್ಟೊತ್ತು ಹೊಟ್ಟಿ ಎಳಕೊಂಡು ನಿಲ್ಲಾಕ ನನಗ ಆಗಲಿಲ್ಲ.