ನಲವತ್ತು ಸಾಲಿನ ಆಸ್ತಿಗೆ ಚಕ್ಕುಬಂದಿ

ಸಂಬಳದ ಕೆಲಸದಲ್ಲಾದರೆ ಬೈಸಿಕೊಳ್ಳುವುದಕ್ಕೆ ಭಾನುವಾರ ರಜೆ ಇರುತ್ತದೆ. ಪುಕ್ಕಟೆ ಮಾಡುವ ಕೆಲಸದಲ್ಲಿ ಅದೂ ಇಲ್ಲ ಎನ್ನುವುದು ನನಗೆ ವಾರಕ್ಕೊಮ್ಮೆ ಹೊಸದಾಗಿ ಗೊತ್ತಾಗುತ್ತಿರುತ್ತದೆ. ಧಾರವಾಡದ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ನೌಕರಿ. ಅದು ಸಾಲದೆಂದು, ದೇಶದೇಶದ ಜನ ಸೇರಿ ಬಿಡಿಗಾಸೂ ಪಡೆಯದೆ ಕಟ್ಟುವ ಒಂದು ಆಪರೇಟಿಂಗ್ ಸಿಸ್ಟಮ್‌ಗೂ ದುಡಿಯುತ್ತೇನೆ. ಅದರೊಳಗೆ ಒಂದು ತಂತ್ರಾಂಶ ಸೇರಬೇಕಾದರೆ ಯಾರಾದರೂ ಕೂತು ಅದನ್ನು ಪ್ಯಾಕ್ ಮಾಡಬೇಕು. ಯಾವ ಫೈಲು ಎಲ್ಲಿರಬೇಕು, ಅದನ್ನು ಬರೆದವರು ಯಾರು, ಹಂಚುವುದಕ್ಕೆ ಅವರ ಒಪ್ಪಿಗೆ ಇದೆಯೇ, ಎಲ್ಲ ದಾಖಲೆ ಸಮೇತ. ನಾನು ಆರಿಸಿಕೊಂಡದ್ದು ಒಂದು ಚಾಟ್ ಪ್ರಾಕ್ಸಿ ಸರ್ವರ್. ಮೂರು ವರ್ಷದ ಭಾನುವಾರಗಳನ್ನು ಅದಕ್ಕೆ ಸುರಿದಿದ್ದೆ.

ಅತ್ತೆಯ ತಾಂತ್ರಿಕ ಅಭಿಪ್ರಾಯ

ಹುಬ್ಬಳ್ಳಿಯ ಕಮರಿಪೇಟೆಯ ನಮ್ಮ ಮನೆಯಲ್ಲಿ ಅತ್ತೆಗೆ ಒಂದೇ ಚಿಂತೆ. ಸೊಸೆ ಭಾನುವಾರ ಪೂರ್ತಿ ಆ ಪೆಟ್ಟಿಗೆಯ ಮುಂದೆ ಏನು ಮಾಡುತ್ತಾಳೆ? ಒಂದು ದಿನ ಕೂರಿಸಿಕೊಂಡು ತಿಳಿಸಿ ಹೇಳಿದೆ. ಚಾಟ್ ಎಂದರೆ ಹತ್ತು ಜನ ಕೂಡಿ ಹರಟುವ ಜಾಗ. ನಾನು ಕಂಪ್ಯೂಟರ್ ಬಂದ್ ಮಾಡಿ ಎದ್ದು ಹೋದಾಗ ಈ ಸರ್ವರ್ ನನ್ನ ಪರವಾಗಿ ಅಲ್ಲೇ ಕೂತಿರುತ್ತದೆ, ಯಾರು ಏನಂದರು ಎಂಬುದನ್ನೆಲ್ಲ ಕೂಡಿಸಿಟ್ಟು, ನಾನು ವಾಪಸ್ ಬಂದೊಡನೆ ಒಪ್ಪಿಸುತ್ತದೆ.

ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

"ಇಷ್ಟಕ್ಕ ಮೂರು ವರ್ಷ ಬೇಕಾತೇನವಾ? ಬಾಜೂ ಮನಿಯಾಕಿ ಇದನ್ನ ಇಪ್ಪತ್ತು ವರ್ಷದಿಂದ ಮಾಡಾಕತ್ತಾಳ. ಆಕಿಗೆ ಕರೆಂಟೂ ಬೇಕಾಗಿಲ್ಲ."

ನನ್ನಿಂದ ನನಗೆ ಅನುಮತಿ

ಪ್ಯಾಕ್ ಮಾಡಿದ್ದನ್ನು ಪರಿಶೀಲಿಸಲು ಯಾವುದೋ ದೂರದೇಶದಲ್ಲಿ ಒಬ್ಬ ಮಹಾನುಭಾವ ಇದ್ದ. ಅವನಿಗೂ ಸಂಬಳವಿಲ್ಲ, ಹಾಗಾಗಿ ಅವನ ನಿಷ್ಠೆಗೆ ಮಿತಿಯೂ ಇಲ್ಲ. ನಮ್ಮ ಕಡೆ ಒಂದು ಕೆಲಸ ಆಗುವುದಿಲ್ಲ ಎಂದು ಹೇಳಬೇಕಾದರೆ ಚಹಾ ತರಿಸಿ, ಮನೆಯವರ ಆರೋಗ್ಯ ವಿಚಾರಿಸಿ, "ನೋಡೂಣಂತ ತೊಗೋರಿ" ಎಂದು ಬಾಗಿಲತನಕ ಬಂದು ಬೀಳ್ಕೊಡುತ್ತಾರೆ. ಅವನು ಮಾತ್ರ "ಇಲ್ಲ" ಎಂದು ಬರೆದು ಕೆಳಗೆ ಕಾರಣವನ್ನು ಅಂಟಿಸುತ್ತಿದ್ದ.

ಮೊದಲ ಕಾರಣ, ಬಳಸುವವರಿಗೊಂದು ಕೈಪಿಡಿ ಇಲ್ಲ. ಯಾರೂ ಓದದ ಆ ಕೈಪಿಡಿಯನ್ನು ಎರಡು ಭಾನುವಾರ ಕೂತು ಬರೆದು ಕಳಿಸಿದೆ. ಮತ್ತೆ "ಇಲ್ಲ". ಕೈಪಿಡಿ ಬರೆದವರು ಯಾರು, ಅವರ ಅನುಮತಿ ಎಲ್ಲಿ ಎಂದು ಕೇಳಿದ್ದ. ಬರೆದವಳು ನಾನೇ ಎಂದು ಉತ್ತರಿಸಿದೆ. ಹಾಗಿದ್ದರೆ ನಿಮ್ಮಿಂದ ಲಿಖಿತ ಅನುಮತಿ ಪಡೆದು ಲಗತ್ತಿಸಿ ಎಂದ.

ಪಡೆದೆ. ಹೆಚ್ಚು ಸತಾಯಿಸದೆ ಕೊಟ್ಟೆ ಕೂಡ. ಆಗಿನ ಪರಿಸ್ಥಿತಿಯಲ್ಲಿ ನನ್ನ ಜೊತೆ ಸಹಕರಿಸಿದ ಏಕೈಕ ವ್ಯಕ್ತಿ ನಾನೇ.

ಬಸ್ಸಿನ ಕಿಟಕಿ

ಆಮೇಲೆ ಅವನು ನಿಜವಾದ ಮುಳ್ಳನ್ನು ಹಿಡಿದ. ಆ ಸರ್ವರಿನೊಳಗೆ ನಲವತ್ತು ಸಾಲಿನ ಒಂದು ಪುಟ್ಟ ಫೈಲಿತ್ತು. ಅದರ ಮೇಲೆ ಬರೆದವನ ಅಡ್ಡಹೆಸರು ಮಾತ್ರ, ಒಪ್ಪಿಗೆಯ ಮಾತೇ ಇಲ್ಲ. ಅದನ್ನು ನಾನೇ ಹೊಸದಾಗಿ ಬರೆಯಬಹುದಿತ್ತು. ಎರಡು ಸಲ ಬರೆದೆ, ಎರಡು ಸಲವೂ ಸರ್ವರ್ ಮಕಾಡೆ ಬಿತ್ತು. ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿಯ ಬಾಗಿಲು ಕೆಲವೇ ತಿಂಗಳಲ್ಲಿ ಮುಚ್ಚುವುದಿತ್ತು. ತಪ್ಪಿದರೆ ಮತ್ತೆರಡು ವರ್ಷ ಕಾಯಬೇಕು. ಒಳಗೆ ಸೇರಿ, ಪ್ಯಾಕ್ ಮಾಡಿದವಳು ಎಂದು ನನ್ನ ಹೆಸರು ಅಲ್ಲಿ ಕಾಣಬೇಕು ಎಂಬ ಆಸೆ ನನಗೆ ವಿಪರೀತವಿತ್ತು, ಸುಳ್ಳೇಕೆ ಹೇಳಲಿ.

ಆ ಅಡ್ಡಹೆಸರಿನವನನ್ನು ಹುಡುಕಿ ಏಳು ದೇಶಗಳಿಗೆ ಪತ್ರ ಬರೆದೆ. ಎಲ್ಲರೂ ಬಹಳ ಸೌಜನ್ಯದಿಂದ ತಾವು ಅವನಲ್ಲ ಎಂದು ಉತ್ತರಿಸಿದರು. ಕಡೆಗೆ ಸರ್ವರಿನ ಮೂಲ ಕರ್ತೃ ತನ್ನ ಹಳೆಯ ಮೇಲ್‌ಗಳನ್ನು ಕೆದಕಿ ಒಂದು ವಿಳಾಸ ಕಳಿಸಿದ. ಉಣಕಲ್, ಹುಬ್ಬಳ್ಳಿ.

ದಿನಾ ಎರಡು ಸಲ ನಾನು ಆ ಮನೆಯ ಮುಂದಿನಿಂದಲೇ ಬಸ್ಸಿನಲ್ಲಿ ಹಾಯುತ್ತಿದ್ದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದು ಸಲ ಕೂಗಿದ್ದರೆ ಏಳು ದೇಶಗಳಿಗೂ ನೆಮ್ಮದಿ ಇರುತ್ತಿತ್ತು.

ಕೊಡುವುದಕ್ಕೂ ಪದ್ಧತಿ

ಹೊಸ ಆವೃತ್ತಿಯ ಬಾಗಿಲು ಮುಚ್ಚಲು ಇನ್ನೊಂದೇ ವಾರ ಇದ್ದಾಗ ಉಣಕಲ್ಲಿನ ಮನೆಗೆ ಹೋದೆ. ಫೈಲು ಬರೆದವನು ಈಗ ಸರ್ಕಾರಿ ನೌಕರ. ಕಾಲೇಜಿನಲ್ಲಿದ್ದಾಗ ಬರೆದದ್ದು ಅವನಿಗೆ ಮರೆತೇಹೋಗಿತ್ತು. ಧಾರಾಳವಾಗಿ ಬಳಸಿಕೊಳ್ಳಿ, ಈಗಲೇ ಒಂದು ಸಾಲಿನ ಮೇಲ್ ಮಾಡುತ್ತೇನೆ ಎಂದು ಫೋನು ಕೈಗೆತ್ತಿಕೊಂಡ. ನನ್ನ ಮೂರು ವರ್ಷ ಅಲ್ಲಿಗೆ ಮುಗಿಯಬೇಕಿತ್ತು.

ಒಳಗಿನಿಂದ ಅವನ ಅಪ್ಪ ಬಂದರು. ಅರಳೆ ವ್ಯಾಪಾರದಲ್ಲಿ ತಲೆ ಬೆಳ್ಳಗಾದವರು.

"ಏನ್ ಕೊಡಾಕತ್ತಾನ್ರಿ ಬಾಯಾರ?"

ಒಂದು ಫೈಲು ಎಂದೆ. ಎಷ್ಟಕ್ಕೆ ಎಂದರು. ಪುಕ್ಕಟೆ ಎಂದೆ. ಯಾರಿಗೆ ಎಂದರು. ಎಲ್ಲರಿಗೂ ಎಂದೆ. ಎಲ್ಲರೂ ಎಂದರೆ ಯಾರ್ಯಾರು ಎಂದರು. ಇದಕ್ಕೆ ಮಾತ್ರ ನನ್ನಲ್ಲಿ ಪಟ್ಟಿ ಇರಲಿಲ್ಲ.

ಹಿರಿಯರು ಮಗನ ಕೈಯಿಂದ ಫೋನು ಇಸಿದುಕೊಂಡರು. "ಕೊಡಬ್ಯಾಡ ಅಂತ ನಾ ಅನ್ನಂಗಿಲ್ರಿ. ಕೊಡೂದು ಛಲೋನ. ಆದ್ರ ಕೊಡೂದಿದ್ರ ಪದ್ಧತಿ ಪ್ರಕಾರ ಕೊಡಬೇಕು. ಫೋನಿನ್ಯಾಗ ಕೊಟ್ಟದ್ದು ಕೊಟ್ಟಂಗಲ್ಲ."

ಹೀಗೆ ಮರುದಿನ ನಾವು ಮೂವರೂ ಒಬ್ಬ ಬಾಂಡ್ ರೈಟರ್ ಮುಂದೆ ಕೂತೆವು. ಮೂವತ್ತು ವರ್ಷದಿಂದ ಹೊಲ ಮನೆಗಳ ಪತ್ರ ಬರೆಯುತ್ತಿರುವವರು. ಆಸ್ತಿ ಯಾವುದು ಎಂದು ಕೇಳಿ, ನಲವತ್ತು ಸಾಲು ಎಂದದ್ದನ್ನು ನಿರ್ವಿಕಾರವಾಗಿ ಬರೆದುಕೊಂಡರು.

"ಚಕ್ಕುಬಂದಿ ಹೇಳ್ರಿ."

ಅಂದರೆ ಆಸ್ತಿಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಫೈಲಿಗೆ ದಿಕ್ಕು ಇರುವುದಿಲ್ಲ ಎಂದೆ. ಚಕ್ಕುಬಂದಿ ಇಲ್ಲದ ಪತ್ರಕ್ಕೆ ತಾವು ಕೈ ಹಚ್ಚುವುದಿಲ್ಲ ಎಂದು ಅವರು ಪೆನ್ನಿನ ಟೋಪಿ ಹಾಕಿದರು. ಇನ್ನು ಆರು ದಿನ ಉಳಿದಿತ್ತು. ಲ್ಯಾಪ್‌ಟಾಪ್ ತೆಗೆದು, ಫೋಲ್ಡರ್ ನೋಡಿ, ಮಾನ ಬಿಟ್ಟು ಹೇಳುತ್ತ ಹೋದೆ. ಪೂರ್ವಕ್ಕೆ ಪಾಸ್‌ವರ್ಡ್ ನೋಡುವ ಫೈಲು. ಪಶ್ಚಿಮಕ್ಕೆ ಸಂದೇಶ ಕೂಡಿಸಿಡುವ ಫೈಲು. ಉತ್ತರಕ್ಕೆ ಮುಖ್ಯ ಫೈಲು. ದಕ್ಷಿಣಕ್ಕೆ ಹಳೆಯ ಸಂದೇಶ ಅಳಿಸುವ ಫೈಲು.

ಪತ್ರ ತಯಾರಾಯಿತು. ಸದರಿ ಫೈಲನ್ನು ಲೋಕದ ಸಮಸ್ತ ಜನರು ಯಾವತ್ತೂ ಬಳಸಿ, ತಿದ್ದಿ, ಹಂಚಿ ಅನುಭವಿಸಿಕೊಂಡು ಬರತಕ್ಕದ್ದು, ಇದಕ್ಕೆ ನಾನಾಗಲಿ ನನ್ನ ವಾರಸುದಾರರಾಗಲಿ ತಂಟೆ ತಕರಾರು ಮಾಡತಕ್ಕದ್ದಲ್ಲ. ಸಾಕ್ಷಿಗೆ ಒಬ್ಬರು ಅಪ್ಪ, ಇನ್ನೊಬ್ಬ ಪಕ್ಕದ ಚಹಾದಂಗಡಿಯವ. ಸಮಸ್ತ ಲೋಕದ ಪರವಾಗಿ ಪತ್ರ ಸ್ವೀಕರಿಸಿ ರುಜು ಹಾಕಿದವಳು ನಾನು.

ದಕ್ಷಿಣ ದಿಕ್ಕು

ಪತ್ರವನ್ನು ಸ್ಕ್ಯಾನ್ ಮಾಡಿ, ಎರಡು ದಿನ ಕೂತು ಇಂಗ್ಲಿಷಿಗೆ ಅನುವಾದಿಸಿ ಕಳಿಸಿದೆ. ಕಳಿಸಿದ ಮೇಲೆ ನಾಚಿಕೆಯಾಯಿತು. ಇದನ್ನು ಓದಿ ಆ ಮಹಾನುಭಾವ ನನ್ನನ್ನು ಶಾಶ್ವತವಾಗಿ ಹೊರಗೆ ಹಾಕುತ್ತಾನೆ ಎಂದೇ ನಂಬಿದ್ದೆ.

ಎರಡು ದಿನ ಬಿಟ್ಟು ಉತ್ತರ ಬಂತು. ಮೊದಲ ಸಲ ಅದು "ಇಲ್ಲ" ಎಂದು ಶುರುವಾಗಿರಲಿಲ್ಲ. ಇಷ್ಟು ಸ್ಪಷ್ಟವಾದ ಒಪ್ಪಿಗೆಯನ್ನು ತಾನು ಈವರೆಗೆ ನೋಡಿಲ್ಲ, ಆದರೆ ದಕ್ಷಿಣಕ್ಕೆ ಇದೆ ಎಂದಿರುವ ಫೈಲು ಸರ್ವರಿನ ಈಗಿನ ಪ್ರತಿಯಲ್ಲಿ ಇಲ್ಲ, ದಯವಿಟ್ಟು ಸರಿಪಡಿಸಿ ಎಂದು ಬರೆದಿದ್ದ. ನೋಡಿದರೆ ನಿಜ. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಹಳೆಯ ಪ್ರತಿ.

ಎರಡೇ ದಿನ ಉಳಿದಿತ್ತು. ಉಣಕಲ್ಲಿನ ಅಪ್ಪ-ಮಗ ಇಬ್ಬರನ್ನೂ ಆಟೋದಲ್ಲಿ ಹತ್ತಿಸಿಕೊಂಡು ಮತ್ತೆ ಬಾಂಡ್ ರೈಟರ್ ಹತ್ತಿರ ಓಡಿದೆ. ಅವರು ತಿದ್ದುಪಡಿ ಪತ್ರ ಬರೆದರು: ದಕ್ಷಿಣಕ್ಕೆ ಖುಲ್ಲಾ ಜಾಗ. ಅದನ್ನು ಅಲ್ಲೇ ಕೂತು ಕಳಿಸಿದೆ. ಮರುದಿನ ಮಧ್ಯಾಹ್ನ ಸರ್ವರ್ ಒಳಗೆ ಸೇರಿತು, ಪಕ್ಕದಲ್ಲಿ ನನ್ನ ಹೆಸರು. ಲ್ಯಾಬಿನಲ್ಲೇ ಕಣ್ಣು ತುಂಬಿ ಬಂತು.

ಸಂಜೆ ಬಾಂಡ್ ರೈಟರಿಗೆ ವಿಷಯ ತಿಳಿಸಿ ಬರಲು ಹೋದೆ. ಅವರ ತಲೆಯಲ್ಲಿ ಬೇರೆಯೇ ಪ್ರಶ್ನೆ ಕೊರೆಯುತ್ತಿತ್ತು. ದಕ್ಷಿಣದ ತಪ್ಪನ್ನು ಆ ಸಾಹೇಬರು ತಾವೇ ಓದಿ ಕಂಡುಹಿಡಿದರೋ, ಯಾರಾದರೂ ಹೇಳಿದರೋ? ತಾವೇ ಓದಿದರು ಎಂದೆ.

"ಮೂವತ್ತು ವರ್ಷದಾಗ ಚಕ್ಕುಬಂದಿ ಓದಿದ ಸಾಹೇಬರ ಸುದ್ದಿ ನಾ ಇವತ್ತ ಮೊದಲನೇ ಸಲ ಕೇಳಾಕತ್ತೇನ್ರಿ. ಅವರನ್ನ ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿಗೆ ವರ್ಗಾ ಮಾಡಿಸಾಕ ಬರತೈತೇನ್ರಿ?"

ಹೇಳಿದ ಮೇಲೆ ಅವರು ತಮ್ಮ ಮುಂದೆ ಪೇರಿಸಿಟ್ಟಿದ್ದ, ಅಂದು ಬರೆದ ಪತ್ರಗಳ ಕಟ್ಟಿನಿಂದ ಮೇಲಿನದನ್ನು ತೆಗೆದು ಅದರ ಚಕ್ಕುಬಂದಿಯ ಮೇಲೆ ಬೆರಳಾಡಿಸಿದರು.

"ಬ್ಯಾಡ ಬಿಡ್ರಿ. ಅವರು ಅಲ್ಲೇ ಇರ್ಲಿ."