ಇಪ್ಪತ್ತೆಂಟು ಲೀಟರಿಗೆ ನನ್ನ ರುಜು

ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ತಪ್ಪು ಮಾಡಿ ಅದರ ಪಕ್ಕದಲ್ಲೇ ರುಜು ಹಾಕುವವರು ನಮ್ಮಂಥ ಕಚೇರಿ ಗುಮಾಸ್ತರು ಮಾತ್ರ. ಬಳ್ಳಾರಿಯಿಂದ ದಿನಾ ಬಸ್ಸು ಹತ್ತಿ ಕುರುಗೋಡಿನ ಕಚೇರಿಗೆ ಹೋಗಿಬರುತ್ತಾ ನನಗೆ ಇಪ್ಪತ್ತೆರಡು ವರ್ಷ ಕಳೆದಿವೆ. ಕಾಗದದಲ್ಲಿ ಏನಾದರೂ ತಿದ್ದಿದರೆ ಹಳೆಯದನ್ನು ಒಂದೇ ಗೆರೆಯಲ್ಲಿ ಹೊಡೆದು, ಹೊಸದನ್ನು ಬರೆದು, ಪಕ್ಕದಲ್ಲಿ ಚಿಕ್ಕ ರುಜು ಹಾಕಬೇಕೆಂಬುದು ನಮ್ಮಲ್ಲಿನ ಪದ್ಧತಿ. ಅದು ಈಗ ಕೈಗೇ ಹತ್ತಿಬಿಟ್ಟಿದೆ. ಒಮ್ಮೆ ಕಿರಾಣಿ ಚೀಟಿಯಲ್ಲಿ ಒಂದು ಕೆಜಿ ಬೆಲ್ಲವನ್ನು ಅರ್ಧ ಕೆಜಿಗೆ ಇಳಿಸಿ ರುಜು ಹಾಕಿ ಕೊಟ್ಟಿದ್ದೆ. ಅಂಗಡಿಯವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸೀಲ್ ಎಲ್ಲೈತ್ರೀ ಸರ್?" ಎಂದು ಕೇಳಿದ.

ನನ್ನ ಹೆಂಡತಿ ಗಿರಿಜಾ ಅಂಗನವಾಡಿ ಟೀಚರು. ಈ ವರ್ಷ ಮೇಲ್ವಿಚಾರಕಿ ಹುದ್ದೆಗೆ ಪರೀಕ್ಷೆ ಕರೆದರು. ವಯಸ್ಸಿನ ಮಿತಿ ನೋಡಿದರೆ ಅವಳಿಗೆ ಇದೇ ಕೊನೆಯ ಅವಕಾಶ. ಉಳಿದ ವಿಷಯಗಳಿಗೆ ಅವಳು ಹೆದರುವವಳಲ್ಲ, ಗಣಿತ ಮಾತ್ರ ಅವಳ ಎದೆ ನಡುಗಿಸುತ್ತಿತ್ತು. ಮದುವೆಯಾದ ಹೊಸತರಲ್ಲಿ ನಾನು, "ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಾಗ ಸಾಲಿಗೇ ಮೊದಲು ನಾನು" ಎಂದು ಕೊಚ್ಚಿಕೊಂಡಿದ್ದೆ. ಅದನ್ನು ನಂಬಿದ ಪುಣ್ಯಾತ್ಗಿತ್ತಿ ಈಗ ಬ್ರೂಸ್‌ಪೇಟೆಯ ಪುಸ್ತಕದಂಗಡಿಯಿಂದ ದಪ್ಪದೊಂದು ಗಣಿತದ ಗೈಡು ತಂದು ನನ್ನ ಮುಂದಿಟ್ಟಳು. ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ ನಮ್ಮ ಶಾಲೆಯಲ್ಲಿ ಪಾಸಾದವರು ಇಬ್ಬರೇ ಎಂಬ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ.

ಒಂದು ಸಂಜೆ ಅವಳು ಓದಿದಳು. "ಪಾತ್ರೆಯಲ್ಲಿ ನಲವತ್ತು ಲೀಟರ್ ಹಾಲಿದೆ. ನಾಲ್ಕು ಲೀಟರ್ ತೆಗೆದು ಅಷ್ಟೇ ನೀರು ಹಾಕಲಾಯಿತು. ಹೀಗೆ ಒಟ್ಟು ಮೂರು ಸಲ ಮಾಡಿದರೆ ಉಳಿದ ಹಾಲೆಷ್ಟು?"

ನಾನು ಚಹಾದ ಕಪ್ಪನ್ನು ಕೆಳಗೂ ಇಡಲಿಲ್ಲ. ನಾಕು ಮೂರಲೆ ಹನ್ನೆರಡು, ನಲವತ್ತರಲ್ಲಿ ಹನ್ನೆರಡು ಹೋದರೆ ಇಪ್ಪತ್ತೆಂಟು!

"ಹಿಂದ ಉತ್ತರ ಇಪ್ಪತ್ತೊಂಬತ್ತು ಪಾಯಿಂಟ್ ಒಂದು ಆರು ಅಂತ ಕೊಟ್ಟಾರಲ್ರೀ."

"ಅಚ್ಚಿನ ತಪ್ಪು" ಎಂದೆ. ನೀರು ಹಾಕಿದರೆ ಹಾಲು ಹೆಚ್ಚಾಗುವುದಾಗಿದ್ದರೆ ಹಾಲಿನವರೆಲ್ಲ ಎಮ್ಮೆ ಮಾರಿ ನಲ್ಲಿ ಹಾಕಿಸಿಕೊಳ್ಳುತ್ತಿದ್ದರು ಎಂದು ಒಂದು ಜೋಕನ್ನೂ ಸೇರಿಸಿದೆ. ಪೆನ್ನು ತೆಗೆದು ಗೈಡಿನ ಉತ್ತರವನ್ನು ಹೊಡೆದು, ೨೮ ಎಂದು ಬರೆದು, ರುಜು ಹಾಕಿದೆ. ಗಿರಿಜಾ ಮುಂದಿನ ಲೆಕ್ಕಕ್ಕೆ ಹೋದಳು. ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನಮ್ಮವ್ವ ಮಾತ್ರ ನನ್ನನ್ನೊಮ್ಮೆ ನೋಡಿದಳು.

ಅವ್ವ ಬಾದನಹಟ್ಟಿಯವಳು, ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಬಳ್ಳಾರಿಯ ಬ್ಯಾಸಗಿಯಲ್ಲಿ ಮನೆಗೆ ಬಂದವರಿಗೆ ಮಜ್ಜಿಗೆ ಕೊಡದೆ ಕಳಿಸುವುದು ಅವಳ ಪಾಲಿಗೆ ಪಾಪ. ಗಡಿಗೆಗೆ ಹತ್ತು ತಂಬಿಗೆ ಮಜ್ಜಿಗೆ ಹಿಡಿಯುತ್ತದೆ. ಒಬ್ಬರಿಗೆ ಒಂದು ತಂಬಿಗೆ ತೆಗೆದುಕೊಟ್ಟ ಕೂಡಲೇ ಒಂದು ತಂಬಿಗೆ ನೀರು ಸುರಿದು ಕೈಯಾಡಿಸುತ್ತಾಳೆ. ಜನ ಬರುತ್ತಿರುವಾಗ ಗಡಿಗೆ ಇಳಿಯಬಾರದು ಎನ್ನುವುದು ಅವಳ ನೇಮ. ಮರುದಿನ ಗಿರಿಜಾ ಕೆಲಸಕ್ಕೆ ಹೋದ ಮೇಲೆ ಅವ್ವ ನನ್ನನ್ನು ಆ ಗಡಿಗೆಯ ಮುಂದೆ ಕೂರಿಸಿದಳು.

"ಲೇ, ಮದಲನೇ ತಂಬಿಗಿ ತೆಗದ್ರ ಬರೇ ಮಜ್ಜಿಗಿ ಬರತೈತಿ. ಖರೆ. ಅಷ್ಟು ನೀರು ಹಾಕಿ ಕಲಿಸಿ ಎರಡನೇದು ತೆಗದ್ರ?"

"ಮಜ್ಜಿಗಿನೇ ಬರತೈತಿ."

"ಬರೇ ಮಜ್ಜಿಗಿ ಏನೋ? ನಾ ಹಾಕಿದ ನೀರು ಎಲ್ಲಿಗೆ ಹೋತು, ನಿಮ್ಮ ಆಫೀಸಿಗೇನು? ಅದೂ ಸ್ವಲ್ಪ ತಂಬಿಗ್ಯಾಗ ಬರತೈತಲ್ಲ. ಅಂದಮ್ಯಾಲೆ ಮಜ್ಜಿಗಿ ಅಷ್ಟು ಕಮ್ಮಿ ಹೋತು, ಗಡಿಗ್ಯಾಗ ಅಷ್ಟು ಹೆಚ್ಚಿಗಿ ಉಳೀತು. ಸಲಸಲಕ್ಕೂ ಇದ್ದದ್ದರಾಗ ಹತ್ತರಾಗ ಒಂದು ಪಾಲಷ್ಟ ಹೋಗತೈತಿ, ಒಂಬತ್ತು ಪಾಲು ಉಳೀತೈತಿ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಲವತ್ತರಲ್ಲಿ ನಾಲ್ಕು ಅಂದರೂ ಹತ್ತರಲ್ಲಿ ಒಂದು ಪಾಲೇ. ನಲವತ್ತರಲ್ಲಿ ಒಂಬತ್ತು ಪಾಲು ಮೂವತ್ತಾರು. ಮೂವತ್ತಾರರಲ್ಲಿ ಒಂಬತ್ತು ಪಾಲು ಮೂವತ್ತೆರಡು ಪಾಯಿಂಟ್ ನಾಲ್ಕು. ಅದರಲ್ಲೂ ಒಂಬತ್ತು ಪಾಲು, ಇಪ್ಪತ್ತೊಂಬತ್ತು ಪಾಯಿಂಟ್ ಒಂದು ಆರು. ಅಯ್ಯೋ ಶಿವನೇ, ಅಚ್ಚಿನವನದು ಏನೂ ತಪ್ಪಿರಲಿಲ್ಲ!

ಆವತ್ತೇ ಸಂಜೆ ಗಿರಿಜಾಳಿಗೆ ಹೇಳಿಬಿಡಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಕಚೇರಿಯಲ್ಲಿ ಎಷ್ಟೋ ಕಡತಗಳು ಇದೇ ಮಾತಿನ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತವೆ. ನಾಳೆ ನಾಳೆ ಅನ್ನುತ್ತಲೇ ಪರೀಕ್ಷೆಯ ಭಾನುವಾರ ಬಂದೇಬಿಟ್ಟಿತು. ಕೇಂದ್ರ ಸಿರುಗುಪ್ಪದಲ್ಲಿ. ಬಸ್ಸಿನಲ್ಲಿ ಧೈರ್ಯ ಮಾಡಿ, "ಆ ಹಾಲಿನ ಲೆಕ್ಕ..." ಎಂದು ಶುರು ಮಾಡಿದೆ. "ಈಗ ಏನೂ ಹೇಳಬ್ಯಾಡ್ರಿ, ತಲ್ಯಾಗ ಇದ್ದದ್ದೂ ಹಾರಿ ಹೋಗತೈತಿ" ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಅವಳು ಒಳಗೆ ಹೋದಳು, ನಾನು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಎರಡು ತಾಸು ಬೆಂದೆ. ಒಂದೇ ಒಂದು ಅಂಕದಲ್ಲಿ ಕೆಲಸ ತಪ್ಪಿಹೋದವರ ಕಥೆಗಳೆಲ್ಲ ಅವತ್ತೇ ನೆನಪಾಗಬೇಕೆ? ಆ ಲೆಕ್ಕವೊಂದು ಬರದಿದ್ದರೆ ಕುರುಗೋಡು ಬಸವಣ್ಣನಿಗೆ ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತೆ.

ಗಂಟೆ ಹೊಡೆಯಿತು. ಹೊರಗೆ ಬಂದವಳ ಮೊದಲ ಮಾತೇ, "ರೀ, ಅದೇ ಲೆಕ್ಕ ಬಂದಿತ್ತು. ಐವತ್ತು ಲೀಟರ್, ಐದೈದು ಲೀಟರ್‌ದಂಗ ಎರಡು ಸಲ ತೆಗೆಯೋದು. ಕೊಟ್ಟ ಉತ್ತರದಾಗ ನಲವತ್ತೂ ಇತ್ತು, ನಲವತ್ತೂವರಿನೂ ಇತ್ತು."

ನಾನು ಹೆದರುತ್ತಲೇ ಕೇಳಿದೆ, "ಯಾವುದಕ್ಕ ಗುರುತು ಹಾಕಿದಿ?"

"ನಲವತ್ತೂವರಿ" ಎಂದು ಗಿರಿಜಾ ನಕ್ಕಳು. "ನೀವು ರುಜು ಹಾಕಿದ ರಾತ್ರಿನೇ ಅತ್ತಿ ನನ್ನ ಗಡಿಗಿ ಮುಂದ ಕುಂದರಿಸಿ ಹೇಳಿಕೊಟ್ರು. ನಿನಗ ಗೊತ್ತೈತಿ ಅಂತ ಅವಗ ಹೇಳಬ್ಯಾಡ, ಪಾಪ, ರುಜು ಬ್ಯಾರೆ ಹಾಕ್ಯಾನ ಅಂದ್ರು."

ನಾನು ನಗುತ್ತಾ ಅಲ್ಲೇ ಮರದ ಕಟ್ಟೆಯ ಮೇಲೆ ಕೂತುಬಿಟ್ಟೆ. ಬದುಕಿದೆಯಾ ಬಡಜೀವವೇ! ಒಬ್ಬನ ಮಾನ ಉಳಿಸಲು ಅತ್ತೆ ಸೊಸೆ ಇಬ್ಬರೂ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅತ್ತೆ ಸೊಸೆ ಒಂದಾದ ಮನೆಯಲ್ಲಿ ಗಂಡಸಿನ ಗಣಿತ ನಡೆಯುವುದಿಲ್ಲ ಎಂಬುದು ಅವತ್ತು ಖಾತ್ರಿಯಾಯಿತು.

ಬಳ್ಳಾರಿಗೆ ಮರಳುವ ಹೊತ್ತಿಗೆ ಪರೀಕ್ಷೆ ಹೇಗಾಯಿತೆಂದು ಕೇಳಲು ಓಣಿಯವರೆಲ್ಲ ಬಂದು, ಕಾದು, ಮಜ್ಜಿಗೆ ಕುಡಿದು ಹೋಗಿದ್ದರು. ನಾನು ಮೊದಲು ಗೈಡು ತೆಗೆದು ೨೮ನ್ನು ಹೊಡೆದು, ಹಳೆಯ ಉತ್ತರವನ್ನೇ ಮತ್ತೆ ಬರೆದು, ರುಜು ಹಾಕಿದೆ. ಅವ್ವ ನನ್ನ ಕೈಗೆ ತಂಬಿಗೆ ಕೊಟ್ಟಳು. ಬಂದುಹೋದವರು ಹದಿನೈದು ಮಂದಿಯಂತೆ. ಒಂಬತ್ತು ಪಾಲಿನ ಲೆಕ್ಕವನ್ನು ಹದಿನೈದು ಸಲ ಹಾಕುವ ಗೋಜಿಗೆ ನಾನು ಹೋಗಲಿಲ್ಲ. ತಂಬಿಗೆಯ ತಳ ನಿಚ್ಚಳವಾಗಿ ಕಾಣುತ್ತಿತ್ತು.

"ಮಜ್ಜಿಗಿ ಹೆಂಗೈತೋ?" ಎಂದಳು ಅವ್ವ.

"ಗಟ್ಟಿ ಐತವ್ವಾ" ಎಂದೆ. ಕಾಗದ ಕೊಟ್ಟಿದ್ದರೆ ಅದಕ್ಕೂ ರುಜು ಹಾಕುತ್ತಿದ್ದೆ.